ನೆಲ ಯಾವ ಮಹಡಿಯಲ್ಲಿದೆ?

ಎಲ್ಲರಿಗೂ ನಮಸ್ಕಾರ. ಈ ಸಂಚಿಕೆ ನಿಮ್ಮ ಕೈ ಸೇರುವುದು ಎರಡು ವಾರ ತಡವಾಯಿತು, ಕ್ಷಮಿಸಿ. ಅಮ್ಮನನ್ನು ಕರೆದುಕೊಂಡು ಚೀನಾದ ಚೊಂಗ್‌ಚಿಂಗ್‌ಗೆ ಹೋಗಿದ್ದೆ. ಸಿಂಗಪುರದಿಂದ ನೇರ ವಿಮಾನ, ಸುಮಾರು ಐದು ಗಂಟೆಯಲ್ಲಿ ಅಲ್ಲಿರುತ್ತೇವೆ. ಬಂದ ಮೇಲೆ ಸಂಘದ ಮೂರ್ನಾಲ್ಕು ಮನೆಯವರು ಫೋನ್ ಮಾಡಿ, ಹೇಗಿದೆ, ನಾವೂ ಹೋಗಬಹುದಾ ಅಂತ ಕೇಳಿದರು. ಎಲ್ಲರಿಗೂ ಇಲ್ಲೇ ಹೇಳಿಬಿಡುತ್ತೇನೆ.

ಮೊದಲ ಸಂಜೆಯೇ ದಾರಿ ತಪ್ಪಿತು. ಫೋನಿನ ನಕ್ಷೆ ಪ್ರಕಾರ ಹೋಟೆಲ್ ನಲವತ್ತು ಮೀಟರ್ ದೂರ. ಕಣ್ಣಿಗೆ ಮಾತ್ರ ಕಾಣಿಸುತ್ತಿಲ್ಲ. ಹಿಂದೆ ಹೋದೆವು, ಮುಂದೆ ಹೋದೆವು, ರಸ್ತೆ ದಾಟಿದೆವು, ಸೂಟ್‌ಕೇಸ್ ಎಳೆದುಕೊಂಡು ಒಂದೇ ಹಣ್ಣಿನಂಗಡಿ ಮುಂದೆ ಮೂರು ಸಲ ಬಂದು ನಿಂತೆವು. ಕೊನೆಗೆ ಅಂಗಡಿಯ ಹೆಂಗಸು ಎದ್ದು ಬಂದು ನನ್ನ ಫೋನ್ ನೋಡಿದರು. ನಮ್ಮನ್ನು ರಸ್ತೆ ಬದಿಯ ಕಂಬಿಯ ಹತ್ತಿರ ಕರೆದುಕೊಂಡು ಹೋಗಿ ಬೆರಳು ಕೆಳಗೆ ಮಾಡಿದರು. ಬಗ್ಗಿ ನೋಡಿದರೆ ಕೆಳಗೆ ಇನ್ನೊಂದು ರಸ್ತೆ. ಅಲ್ಲೂ ಬಸ್ಸು, ಅಂಗಡಿ, ಜನ. ನಮ್ಮ ಹೋಟೆಲಿನ ಬಾಗಿಲು ಅಲ್ಲಿತ್ತು, ಹತ್ತು ಮಹಡಿ ಕೆಳಗೆ! ಆಕೆ ಅಂಗಡಿಯನ್ನು ಹಾಗೇ ಬಿಟ್ಟು, ಪಕ್ಕದ ಕಟ್ಟಡದೊಳಗೆ ನಮ್ಮನ್ನು ಕರೆದೊಯ್ದು, ಲಿಫ್ಟ್ ಹತ್ತಿಸಿ, ಗುಂಡಿಯನ್ನೂ ತಾವೇ ಒತ್ತಿ ವಾಪಸ್ ಹೋದರು. ಥ್ಯಾಂಕ್ಸ್ ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿತು.

ಈ ಊರೇ ಹಾಗೆ. ಅಲ್ಲಿನವರು ಇದನ್ನು 'ಶಾನ್‌ಚಂಗ್' ಅನ್ನುತ್ತಾರೆ, ಬೆಟ್ಟದ ಊರು ಅಂತ. ಕ್ವೆಯ್‌ಶಿಂಗ್‌ಲೋ ಅನ್ನುವ ಕಟ್ಟಡದ ಮುಂದೆ ಒಂದು ದೊಡ್ಡ ಚೌಕ ಇದೆ, ಜನ ಕೂತು ಹರಟುತ್ತಾರೆ, ಮಕ್ಕಳು ಓಡಾಡುತ್ತಾರೆ. ಅಂಚಿಗೆ ಹೋಗಿ ಇಣುಕಿದರೆ ಮಾತ್ರ ಗೊತ್ತಾಗುತ್ತದೆ, ನಾವು ನಿಂತಿರುವುದು 22ನೇ ಮಹಡಿಯ ಎತ್ತರದಲ್ಲಿ ಅಂತ. ಬಾಯ್‌ಶಿಯಾಂಗ್‌ಜ್ಯೂ ಅನ್ನುವ ವಸತಿ ಸಮುಚ್ಚಯಕ್ಕೆ 24 ಮಹಡಿ, ಲಿಫ್ಟೇ ಇಲ್ಲ. 1, 10 ಮತ್ತು 15ನೇ ಮಹಡಿಗಳಲ್ಲಿ ಒಂದೊಂದು ಬಾಗಿಲು, ಪ್ರತಿ ಬಾಗಿಲೂ ಒಂದು ರಸ್ತೆಗೆ ತೆರೆಯುತ್ತದೆ. ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಮೇಲಿನ ರಸ್ತೆಯಿಂದ ಬಂದು, ಎರಡು ಮಹಡಿ ಇಳಿದು ಮನೆ ಸೇರಿದ್ದನ್ನು ನೋಡಿದ ಮೇಲೆ ನನಗೆ ಲೆಕ್ಕ ಅರ್ಥವಾಯಿತು. ಅವರ ಮಟ್ಟಿಗೆ ಹತ್ತುವುದೇ ಇಲ್ಲ, ಇಳಿಯುವುದಷ್ಟೇ. ಅಲ್ಲಿ ನಿಜವಾಗಿ ಜನ ವಾಸವಾಗಿದ್ದಾರೆ, ಹಾಗಾಗಿ ಫೋಟೋಗೆ ಹೋದರೆ ದಯವಿಟ್ಟು ಮೆಲ್ಲಗೆ ಮಾತಾಡಿ.

ಪ್ರಪಂಚದ ಅತಿ ದೊಡ್ಡ ನಗರ ಇದೇ, ಮೂರು ಕೋಟಿಗೂ ಜಾಸ್ತಿ ಜನ ಅಂತ ನೀವು ಕೇಳಿರಬಹುದು. ಅದು ಪೂರ್ತಿ ಸರಿಯಲ್ಲ. 1997ರಲ್ಲಿ ಇದನ್ನು ಸಿಚುವಾನ್ ಪ್ರಾಂತ್ಯದಿಂದ ಬೇರೆ ಮಾಡಿ ನೇರ ಕೇಂದ್ರದ ಕೈಗೆ ಕೊಟ್ಟರು. ಆ ಆಡಳಿತ ಪ್ರದೇಶ ಸುಮಾರು 82,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅದರೊಳಗೆ ಹಳ್ಳಿ, ಗದ್ದೆ, ಕಾಡು ಎಲ್ಲ ಬಂತು. ನಗರ ಅಂತ ಕಾಣುವ ಭಾಗ ಅದರಲ್ಲಿ ಒಂದು ತುಂಡು. ಆ ತುಂಡೇ ಕಣ್ಣು ತುಂಬುವಷ್ಟಿದೆ, ಬಿಡಿ.

ಕಟ್ಟಡದ ಹೊಟ್ಟೆಯೊಳಗೆ ನುಗ್ಗುವ ರೈಲನ್ನು ಎಲ್ಲರೂ ವಿಡಿಯೋದಲ್ಲಿ ನೋಡಿದ್ದೀರಿ. ಅದು ಲಿಜಿಬಾ ನಿಲ್ದಾಣ, 19 ಮಹಡಿಯ ಕಟ್ಟಡದ 6ರಿಂದ 8ನೇ ಮಹಡಿಯಲ್ಲಿದೆ. ನಿಲ್ದಾಣದ ಕಂಬಗಳೇ ಬೇರೆ, ಮನೆಗಳ ಕಂಬಗಳೇ ಬೇರೆ. ಅದಕ್ಕೇ ರೈಲಿನ ನಡುಕ ಮನೆಗಳಿಗೆ ತಟ್ಟುವುದಿಲ್ಲ.

ಯಾಂಗ್ಟ್ಸಿ ಮತ್ತು ಜಿಯಾಲಿಂಗ್ ನದಿಗಳು ಸೇರುವ ಜಾಗ ಛಾವ್‌ಟಿಯಾನ್‌ಮನ್. ಒಂದು ಕೆಂಪುಮಣ್ಣಿನ ಬಣ್ಣ, ಇನ್ನೊಂದು ಹಸಿರು, ಸ್ವಲ್ಪ ದೂರ ಪಕ್ಕಪಕ್ಕ ಹರಿದು ಆಮೇಲೆ ಬೆರೆಯುತ್ತವೆ. ಅಲ್ಲಿ ಎದ್ದಿರುವ ಎಂಟು ಗೋಪುರಗಳನ್ನು ನೋಡಿ ಎಲ್ಲೋ ನೋಡಿದ ಹಾಗಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಮ್ಮ ಸಿಂಗಪುರದ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ವಿನ್ಯಾಸ ಮಾಡಿದ ಮೋಶೆ ಸಾಫ್ಡಿ ಅವರದ್ದೇ ಕೆಲಸ, ಕಟ್ಟಿಸಿದ್ದು ಸಿಂಗಪುರದ ಕಂಪನಿ. ಆದರೆ ನನ್ನ ಕಣ್ಣು ನಿಂತದ್ದು ಅದರ ಬುಡದ ಮೆಟ್ಟಿಲುಗಳ ಮೇಲೆ. ಅಪ್ಪನ ವಯಸ್ಸಿನ ಒಬ್ಬರು ಬಿದಿರಿನ ಅಡ್ಡೆಯ ಎರಡೂ ತುದಿಗೆ ಮೂಟೆ ಕಟ್ಟಿಕೊಂಡು ಹತ್ತುತ್ತಿದ್ದರು. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಅಡ್ಡೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಮತ್ತೆ ಹತ್ತುವುದು. ಇಂಥವರಿಗೆ 'ಬಾಂಗ್‌ಬಾಂಗ್' ಅನ್ನುತ್ತಾರೆ, ಬಡಿಗೆಯವರು ಅಂತ ಅರ್ಥ. ಗಾಡಿ ಹೋಗದ ಈ ಊರಿನ ಸಾಮಾನನ್ನೆಲ್ಲ ಎಷ್ಟೋ ಕಾಲ ಹೊತ್ತವರು ಇವರೇ. ಈಗ ತುಂಬ ಕಡಿಮೆ ಜನ ಉಳಿದಿದ್ದಾರೆ, ಹೊಸಬರು ಬರುತ್ತಿಲ್ಲ. ಗೋಪುರದ ಫೋಟೋ ನನ್ನ ಹತ್ತಿರ ಬೇಕಾದಷ್ಟಿದೆ, ಅವರದ್ದು ತೆಗೆಯಲು ಮನಸ್ಸು ಬರಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ, ಹೆಚ್ಚು ಜನ ಕೇಳಿದ್ದು ಅದನ್ನೇ. ನಾವು ಹಾಟ್‌ಪಾಟ್, ಅಂದರೆ ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಕಾದ್ದನ್ನು ಬೇಯಿಸಿಕೊಳ್ಳುವ ಊಟ, ತಿಂದದ್ದು ಬೆಟ್ಟ ಕೊರೆದು ಮಾಡಿದ ಸುರಂಗದಲ್ಲಿ. 1937ರಲ್ಲಿ ಜಪಾನ್ ಸೈನ್ಯ ಆಗಿನ ರಾಜಧಾನಿ ನಾನ್‌ಜಿಂಗ್ ಹತ್ತಿರ ಬಂದಾಗ ಚೀನಾ ಸರ್ಕಾರ ರಾಜಧಾನಿಯನ್ನು ಇಲ್ಲಿಗೆ ತಂದಿತು. ಮರುವರ್ಷದಿಂದ 1943ರವರೆಗೆ ಜಪಾನಿನ ವಿಮಾನಗಳು ಈ ಊರಿನ ಮೇಲೆ ಬಾಂಬ್ ಹಾಕಿದವು. ಜನ ಬಂಡೆ ಕೊರೆದು ಸುರಂಗ ಮಾಡಿಕೊಂಡು ಅದರೊಳಗೆ ಕೂತರು. 1941ರ ಜೂನ್ 5ರ ರಾತ್ರಿ ಅಂಥ ಒಂದು ಸುರಂಗದಲ್ಲಿ ಗಾಳಿ ಸಾಲದೆ ನೂರಾರು ಜನ ಉಸಿರುಗಟ್ಟಿ ಸತ್ತರು. ಇವತ್ತು ಹಳೆಯ ಸುರಂಗಗಳಲ್ಲಿ ಕೆಲವು ಹಾಟ್‌ಪಾಟ್ ಅಂಗಡಿಗಳಾಗಿವೆ, ಬೇಸಿಗೆಯಲ್ಲೂ ತಂಪು. ಗೋಡೆ ಮುಟ್ಟಿದರೆ ಕೈಗೆ ಒದ್ದೆ ಬಂಡೆ ತಾಗುತ್ತದೆ. ಆ ಗೋಡೆಗೆ ಒರಗಿ ಚಿಕ್ಕ ಮಕ್ಕಳು ನಗುತ್ತಾ ತಿನ್ನುತ್ತಿದ್ದರು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಂದು ಮುಖ್ಯ ಮಾತು. ಅಲ್ಲಿನ ಕೆಂಪು ಸಾರಿಗೆ ಸಾಮಾನ್ಯವಾಗಿ ದನದ ಕೊಬ್ಬು ಹಾಕುತ್ತಾರೆ, ಅದಕ್ಕೆ 'ನ್ಯೂಯೋ' ಅಂತ ಹೆಸರು. ಬೇಡದವರು 'ಛಿಂಗ್‌ಯೋ' ಅಂತ ಕೇಳಿ, ಸಸ್ಯದ ಎಣ್ಣೆಯದ್ದು ಕೊಡುತ್ತಾರೆ. ನಾವೂ ಅದನ್ನೇ ಕೇಳಿದೆವು. ಸಾರು ಕುದಿಯತೊಡಗಿದಾಗ ಮೇಲೆ ತೇಲುತ್ತಿದ್ದ ಸಣ್ಣ ಕಂದು ಸಿಪ್ಪೆಯೊಂದನ್ನು ಅಮ್ಮ ಚಮಚದಲ್ಲಿ ತೆಗೆದು, ಆರಿಸಿ, ಮೂಗಿನ ಹತ್ತಿರ ಹಿಡಿದು, "ಇದು ನಮ್ಮ ಜುಮ್ಮನಕಾಯಿ ಅಲ್ವಾ?" ಅಂದರು.

ಹೌದು, ಅದರ ಹತ್ತಿರದ ನೆಂಟ. ಚೀನೀಯರು 'ಹುವಾಜಿಯಾವ್' ಅನ್ನುವುದು ಮತ್ತು ನಮ್ಮ ಅಂಕೋಲೆ, ಕುಮಟೆ ಕಡೆ ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ್, ಒಂದೇ ಕುಲದ ಗಿಡಗಳು. ಎರಡರಲ್ಲೂ ಬೀಜ ಎಸೆದು ಸಿಪ್ಪೆಯನ್ನು ಬಳಸುತ್ತಾರೆ. ಇಲ್ಲಿ ಫುಡ್ ಕೋರ್ಟ್‌ಗಳಲ್ಲಿ ನಮ್ಮ ಮಕ್ಕಳು 'ಮಾಲಾ' ಅಂತ ಬಾಯಿ ಚಪ್ಪರಿಸುತ್ತಾರಲ್ಲ, ಅದರಲ್ಲಿ 'ಲಾ' ಅಂದರೆ ಖಾರ, 'ಮಾ' ಅಂದರೆ ನಾಲಿಗೆ ಮರಗಟ್ಟಿದ ಹಾಗಾಗುವುದು. ಅದನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ವಿವರಿಸಲು ಒದ್ದಾಡಿದ್ದೇನೆ. ಕನ್ನಡದಲ್ಲಿ ಒದ್ದಾಟವೇ ಬೇಡ. ನಾಲಿಗೆ ಜುಮ್ಮೆನ್ನುತ್ತದೆ ಅಂದರೆ ಆಯಿತು. ನಾವು ಕಾಯಿಗೇ ಆ ಹೆಸರು ಇಟ್ಟಿದ್ದೇವೆ!

ಹೊರಡುವವರಿಗೆ ಎರಡು ಮಾತು. ಸಿಂಗಪುರದ ಪಾಸ್‌ಪೋರ್ಟ್ ಇದ್ದರೆ 2024ರ ಫೆಬ್ರವರಿಯಿಂದ 30 ದಿನದವರೆಗೆ ವೀಸಾ ಬೇಡ, ಭಾರತದ ಪಾಸ್‌ಪೋರ್ಟ್‌ಗೆ ಬೇಕು. ಫೋನಿನಲ್ಲಿ ಹಣ ಕೊಡುವ ಆ್ಯಪ್ ಅಲಿಪೇಗೆ ನಿಮ್ಮ ಕಾರ್ಡನ್ನು ಇಲ್ಲೇ ಜೋಡಿಸಿಕೊಂಡು ಹೋಗಿ. ಅಲ್ಲಿನ ಸಿಮ್‌ನಲ್ಲಿ ಗೂಗಲ್, ವಾಟ್ಸಾಪ್ ನಡೆಯುವುದಿಲ್ಲ, ಇಲ್ಲಿನ ರೋಮಿಂಗ್ ಇರಲಿ. ಮಂಡಿ ನೋವಿರುವ ಹಿರಿಯರ ಜೊತೆ ಹೋದರೆ ದಿನಕ್ಕೆ ಒಂದೇ ಜಾಗ ಸಾಕು.

ಅಮ್ಮ ಅಲ್ಲಿನ ಸಂತೆಯಿಂದ ಕಾಲು ಕಿಲೋ ಹುವಾಜಿಯಾವ್ ತಂದಿದ್ದಾರೆ. ಊರಿನಿಂದ ತಂದ ಜುಮ್ಮನಕಾಯಿಯೂ ಮನೆಯಲ್ಲಿದೆ. ಮುಂದಿನ ತಿಂಗಳ ಸಭೆಗೆ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತರುತ್ತೇನೆ. ಕರಾವಳಿಯವರು ಬಂದು ಕಣ್ಣು ಮುಚ್ಚಿ ಮೂಸಿ ಹೇಳಬೇಕು, ಯಾವುದು ಯಾವ ಊರಿನದ್ದು ಅಂತ.