ಗುಡ್ಡದ ಮೇಲಿನ ಟ್ರಾನ್ಸ್‌ಮಿಟರ್ ಅಲ್ಲೇ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಮಲೆನಾಡಿನ ಎಫ್‌ಎಂ ಕೇಂದ್ರದ ಟ್ರಾನ್ಸ್‌ಮಿಟರನ್ನು ದೊಡ್ಡ ನಗರಕ್ಕೆ ಸಾಗಿಸುವ ಯೋಚನೆ ಇದೆಯಂತೆ. ಅಲ್ಲಿ ಕೇಳುಗರು ಜಾಸ್ತಿ, ಜಾಹೀರಾತೂ ಜಾಸ್ತಿ. ಲೆಕ್ಕ ಸರಿಯೇ, ಆದರೆ ನಮ್ಮ ಪಾಡೇನು?

ಹಳೇ ಕಾಲದ ಮೀಡಿಯಂ ವೇವ್ (ಎಎಂ) ಪ್ರಸಾರ ಆಗಿದ್ದರೆ ಇಷ್ಟು ಚಿಂತೆ ಇರಲಿಲ್ಲ. ಅದರ ಅಲೆ ನೆಲ ಹಿಡಿದು ಬಹುದೂರ ಹೋಗುತ್ತದೆ. ಎಫ್‌ಎಂ ಹಾಗಲ್ಲ, ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ ಬರೀ ಕರಕರ ಸದ್ದು. ನಗರದಲ್ಲಿ ಎಷ್ಟೇ ಕಿಲೋವಾಟ್ ಹಾಕಿದರೂ ಘಟ್ಟದ ಸಂದಿಯ ಮನೆಗಳಿಗೆ ತಲುಪುವುದು ಕಷ್ಟ.

ಮೊಬೈಲ್ ಆ್ಯಪ್‌ನಲ್ಲಿ ಕೇಳಿ ಅನ್ನುವವರಿದ್ದಾರೆ. ಜೋರು ಮಳೆಗೆ ಕರೆಂಟ್ ಹೋಗಿ, ಟವರ್‌ನ ಡೀಸೆಲ್ಲೂ ಮುಗಿದ ಮೇಲೆ ಆ್ಯಪ್ ಎಲ್ಲಿಂದ ಬಂತು? ಆಗ ಮಾತಾಡುವುದು ಅಡುಗೆಮನೆ ಗೂಡಿನಲ್ಲಿರುವ ಎರಡು ಸೆಲ್ಲಿನ ರೇಡಿಯೊ ಒಂದೇ. ನಾಳೆ ಶಾಲೆಗೆ ರಜೆಯೇ, ಘಾಟಿ ರಸ್ತೆ ತೆರೆದಿದೆಯೇ ಅಂತ ತಿಳಿಯುವುದೂ ಅದರಿಂದಲೇ.

ಕೇಂದ್ರ ಊರಲ್ಲಿದ್ದರೆ ಊರಿನ ಮಾತಿಗೂ ಜಾಗ ಸಿಗುತ್ತದೆ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ, ಅರೆಭಾಷೆ ಕಾರ್ಯಕ್ರಮ ಬರುವುದು ಸುಮ್ನೆ ಅಲ್ಲ.

ಸಮುದಾಯ ರೇಡಿಯೊ, ಅಂದರೆ ಸ್ಥಳೀಯರಿಗಾಗಿ ನಡೆಯುವ ಸಣ್ಣ ಕೇಂದ್ರ, ಮಾಡಿಕೊಳ್ಳಿ ಎಂಬ ಪುಕ್ಕಟೆ ಸಲಹೆಯೂ ಬಂದಿದೆ. ಅದರ ಪ್ರಸಾರ ಶಕ್ತಿಗೆ ಸಾಮಾನ್ಯವಾಗಿ 100 ವಾಟ್ ಮಿತಿ. ಒಂದು ಹೋಬಳಿಗೆ ಸಾಕಾದೀತು, ಇಷ್ಟೊಂದು ಗುಡ್ಡಗಳಿಗೆ ಎಲ್ಲಿ ಸಾಕು?

ನಗರಕ್ಕೆ ಬೇಕಾದರೆ ಇನ್ನೊಂದು ಟ್ರಾನ್ಸ್‌ಮಿಟರ್ ಹಾಕಲಿ. ಇಲ್ಲಿನ ಕಾರ್ಯಕ್ರಮವನ್ನು ಫೈಬರ್ ಕೇಬಲ್‌ನಲ್ಲಿ ಅಲ್ಲಿಗೆ ಕಳಿಸುವುದು ಈಗ ದೊಡ್ಡ ಕೆಲಸವೇನಲ್ಲ, ಅಲ್ವಾ? ಗುಡ್ಡದ ಮೇಲಿನದನ್ನು ಮುಟ್ಟುವ ಮೊದಲು ಅಧಿಕಾರಿಗಳು ಜುಲೈ ಮಳೆಯಲ್ಲಿ ಇಲ್ಲಿಗೆ ಬಂದು ಕೇಳುಗರ ಸಭೆ ಕರೆಯಲಿ.

– ಮಲೆನಾಡಿನ ಒಬ್ಬ ಕೇಳುಗ