ಅವಗೂ ನೀರಡಿಸೈತಿ

ಲಿಂಗಸುಗೂರು
ದೀಪಾವಳಿ ಕಳೆದ ಮೂರನೇ ದಿನ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂದು ಹದಿನೈದು ದಿನ ಆಯಿತು. ಎರಡು ಸಲ ಉತ್ತರ ಬರೆಯಲು ಕೂತೆ, ಎರಡು ಸಲವೂ ಹರಿದು ಹಾಕಿದೆ. ಬರೆದದ್ದರ ತುಂಬ ಸಮಾಧಾನದ ಮಾತೇ ಇತ್ತು. ಅವ್ವನನ್ನು ಕಳಕೊಂಡವಳಿಗೆ ಊರೆಲ್ಲ ಬಂದು ಸಮಾಧಾನ ಹೇಳಿ ಹೋಗಿರುತ್ತಾರೆ. ಹೆತ್ತವಳಲ್ಲದ ನನ್ನನ್ನೂ ಅಮ್ಮಾ ಎಂದು ಕರೆದು ನೀನು ಕೇಳಿದ್ದು ಅದನ್ನಲ್ಲ.

ಅವ್ವ ಹೋದ ಮೇಲೆ ದೇವರ ಮುಂದೆ ಕೂತರೆ ಗೋಡೆಯ ಮುಂದೆ ಕೂತಂತಾಗುತ್ತದೆ ಎಂದು ಬರೆದಿದ್ದೀ. ಶ್ರಾವಣದ ಸಂಚಿಕೆಗೆ ಕೇಳಿದರೆಂದು, ಕೈಗೆ ರೂಢಿ ಇತ್ತೆಂದು, ಒಂದು ಭಕ್ತಿಗೀತೆ ಬರೆದು ಕಳಿಸಿದೆ. ಓದಿದವರು ಫೋನ್ ಮಾಡಿ ಕಣ್ಣಲ್ಲಿ ನೀರು ಬಂತು ಅಂದರು. ನಿನ್ನ ಕಣ್ಣಲ್ಲಿ ಮಾತ್ರ ಬರಲಿಲ್ಲ. ‘ದೇವರೇ ಕೈಬಿಟ್ಟ ಮೇಲೆ ದೇವರ ಬಗ್ಗೆ ಬರೆಯುವ ಹಕ್ಕು ನನಗಿದೆಯಾ ಅಮ್ಮಾ?’ ಎಂದು ಕೊನೆಗೆ ಕೇಳಿದ್ದೀ.

ಮೊದಲು ಆ ಪದ್ಯದ ಮಾತು ಮುಗಿಸಿಬಿಡೋಣ. ನಾನು ಅದನ್ನು ಓದಿದ್ದೇನೆ. ಪ್ರಾಸ ಸರಿಯಾಗಿ ಕೂತಿದೆ, ಲಯ ಎಲ್ಲೂ ಎಡವಿಲ್ಲ. ಆದರೆ ಅದರಲ್ಲಿ ಬರುವ ಕರುಣೆ, ಕಡಲು, ಪಾದ, ಕಮಲ ಯಾವುದೂ ನಿನ್ನದಲ್ಲ. ನೂರು ಮಂದಿ ಬಳಸಿ ಸವೆಸಿದ ಮಾತುಗಳನ್ನು ನೀನೂ ಎತ್ತಿಕೊಂಡೆ. ಅದನ್ನು ಪಾಪ ಎನ್ನಲಾರೆ, ಆದರೆ ಇನ್ನೊಮ್ಮೆ ಹಾಗೆ ಮಾಡಬೇಡ. ಆ ಒಂದು ಪದ್ಯದಿಂದ ನೀನು ಸುಳ್ಳಿಯಾಗುವುದಿಲ್ಲ. ಹತ್ತು ಬರೆದರೆ ಆಗುತ್ತೀ. ಆಮೇಲೆ ನಿಜವಾದ ಮಾತು ಬಂದಾಗಲೂ ಗುರುತು ಸಿಗುವುದಿಲ್ಲ. ಮುಂದಿನ ಸಲ ಕೇಳಿದರೆ ‘ಈ ವರ್ಷ ಆಗೂದಿಲ್ರಿ’ ಅಂತ ಸಂಪಾದಕರಿಗೆ ಹೇಳು. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಬೇರೆಯವರಿಂದ ಬರೆಸುತ್ತಾರೆ.

ಇನ್ನು ಗೋಡೆಯ ಮಾತು. ನಾನೂ ಆ ಗೋಡೆಯ ಮುಂದೆ ಕೂತವಳು. 2009ರಲ್ಲಿ ನಮ್ಮ ಯಜಮಾನರು ಹೋದರು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಕೂಡುವುದು ನನಗೆ ಸಣ್ಣವಳಿದ್ದಾಗಿನಿಂದ ರೂಢಿ. ಹಣತೆ ಎದುರಿಗಿಟ್ಟರೆ ಲಿಂಗದ ಕರಿ ಹೊದಿಕೆಯ ಮೇಲೆ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕಿ ಬೀಳುತ್ತದೆ. ಆ ಚುಕ್ಕಿಯಲ್ಲಿ ದೃಷ್ಟಿ ನಿಲ್ಲಿಸಬೇಕು. ಮೊದಲೆಲ್ಲ ಅಲ್ಲಿ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ, ಎದ್ದಾಗ ಮೈಯೆಲ್ಲ ಹಗುರ. ಅವರು ಹೋದ ಮೇಲೆ ಚುಕ್ಕಿ ಬರೀ ಚುಕ್ಕಿಯಾಯಿತು. ಮಣಿಕಟ್ಟು ನೋಯುತ್ತಿತ್ತು. ಹಾಲಿನವನ ಸೈಕಲ್ ಗಂಟೆಗೆ ಕಿವಿಗೊಟ್ಟು ಕೂತಿರುತ್ತಿದ್ದೆ. ಅಂಗೈಯಲ್ಲಿದ್ದದ್ದು ಕಲ್ಲು, ಅಷ್ಟೇ. ಒಂದು ದಿನ ಎರಡು ದಿನವಲ್ಲ ಮಗಳೇ, ಮೂರು ವರ್ಷಕ್ಕೂ ಹೆಚ್ಚು.

‘ಯಾಕೆ ಬಿಡಲಿಲ್ಲ?’ ಅಂತ ಕೇಳುತ್ತೀ. ಬಿಡಬೇಕೆಂದು ಎಷ್ಟೋ ಸಲ ಅನಿಸಿತು. ಆದರೆ ಪ್ರತಿ ಸಲವೂ ನಮ್ಮ ಅವ್ವನ ಒಂದು ಮಾತು ಅಡ್ಡ ಬರುತ್ತಿತ್ತು. ಅದನ್ನು ನಿನಗೆ ಹೇಳಲೇಬೇಕು.

1972ರ ಬರ. ನಾನಾಗ ಹತ್ತು ವರ್ಷದವಳು. ನಮ್ಮೂರ ಸೇದೋ ಬಾವಿಯಲ್ಲಿ ಕೊಡ ಕೆಳಗೆ ಬಡಿದು ಕಲ್ಲಿನ ಸದ್ದು ಬರುತ್ತಿತ್ತು. ಅವ್ವ ನಸುಕಿನಲ್ಲೇ ಎದ್ದು ದೂರದ ಹಳ್ಳಕ್ಕೆ ಹೋಗಿ, ಉಸುಕು ತೋಡಿ, ಒರತೆಯ ನೀರನ್ನು ತಂಬಿಗೆಯಿಂದ ಮೊಗೆದು ಮೊಗೆದು ಒಂದು ಕೊಡ ತುಂಬಿಕೊಂಡು ಬರುತ್ತಿದ್ದಳು. ಇಡೀ ಮನೆಗೆ ಅದೊಂದೇ ಕೊಡ. ಅಂಥ ದಿನದಲ್ಲಿ ಹುಡುಗರು ಮಳೆ ಬೇಡಲು ಗುರ್ಜಿ ಹೊತ್ತುಕೊಂಡು ಬಂದರು. ರೊಟ್ಟಿ ಹಂಚನ್ನು ಬೋರಲು ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಸಗಣಿಯ ಗುರ್ಜಿ, ಗುರ್ಜಿಯ ನೆತ್ತಿಗೆ ಗರಿಕೆ. ಹೊತ್ತವನು ನನ್ನ ತಮ್ಮ. ಅಂಗಳದಲ್ಲಿ ನಿಂತು ಗುರ್ಜಿ ಹಾಡು ಹೇಳುತ್ತ ಗಿರಗಿರ ತಿರುಗಿದ. ಮನೆಯವರು ನೀರು ಹಾಕಬೇಕು, ಜೋಳ ನೀಡಬೇಕು. ಅವ್ವ ಒಳಗೆ ಹೋದಳು. ಎರಡು ಹನಿ ಚಿಮುಕಿಸಿ ಕಳಿಸುತ್ತಾಳೆ ಅಂದುಕೊಂಡೆ. ಆಕೆ ತುಂಬಿದ ತಂಬಿಗೆ ತಂದು ಗುರ್ಜಿಯ ಮೇಲೆ ಸುರಿದಳು. ತಮ್ಮನ ಕೆನ್ನೆ, ಕೊರಳು, ಬರಿಮೈ ಮೇಲೆಲ್ಲ ನೀರು ಇಳಿದು ನೆಲಕ್ಕೆ ಬಿತ್ತು, ನೆಲ ಹೀರಿಕೊಂಡೇಬಿಟ್ಟಿತು. ನನಗೆ ಅಳುವೇ ಬಂತು. ‘ಯವ್ವಾ, ಕುಡ್ಯಾಕ ನೀರಿಲ್ಲ, ಅದರ ಮ್ಯಾಲ ಯಾಕ ಸುರುವಿದಿ?’ ಅಂದೆ. ಅವ್ವ ಖಾಲಿ ತಂಬಿಗೆ ಹಿಡಿದುಕೊಂಡು, ‘ಅವಗೂ ನೀರಡಿಸೈತಿ’ ಅಂದಳು.

ಅಷ್ಟೇ ಅಂದಳು, ಆ ಮೇಲೆ ಅದರ ಮಾತು ಎತ್ತಲಿಲ್ಲ. ಆಕೆ ಅಕ್ಷರ ಕಲಿತವಳಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ, ಅಷ್ಟಿಷ್ಟು ಬರೆದೆ, ಆ ಮಾತಿನ ಹತ್ತಿರ ಹೋಗುವ ಒಂದು ಸಾಲು ನನ್ನಿಂದ ಆಗಿಲ್ಲ. ನೀರಡಿಕೆ ನನಗೊಬ್ಬಳಿಗೇ ಅಂತ ತಿಳಿದಿದ್ದೆ. ಅಂಗೈಯಲ್ಲಿ ಕಲ್ಲಾಗಿ ಕೂತವನೂ ನನ್ನ ಒಂದು ತಂಬಿಗೆಗೆ ಕಾದಿರಬಹುದು ಎಂದು ಅನಿಸಿದ ಮೇಲೆ ಏಳಲು ಮನಸ್ಸಾಗಲಿಲ್ಲ. ಅವನು ಕೊಡುವುದಕ್ಕಾಗಿ ಕೂಡುವುದು ನಿಂತಿತು, ನಾನು ಕೊಡುವುದಕ್ಕಾಗಿ ಕೂತೆ. ಕೊಡಲು ಇದ್ದದ್ದಾದರೂ ಏನು? ನೋಯುವ ಒಂದು ಕೈ, ಅರ್ಧ ತಾಸು ಹೊತ್ತು.

ನೀನು ಕೊಪ್ಪಳದ ಪೇಟೆಯಲ್ಲಿ ಬೆಳೆದವಳು, ಕರಿಮಣ್ಣಿನ ಎರೆ ಹೊಲದ ಒಕ್ಕಲುತನ ನೋಡಿರಲಿಕ್ಕಿಲ್ಲ. ನಮ್ಮ ತಮ್ಮನದು ಎಂಟು ಎಕರೆ ಎರೆ. ಬೇಸಿಗೆಯಲ್ಲಿ ಅದನ್ನು ನೋಡಿದರೆ ಎದೆ ಒಡೆಯುತ್ತದೆ. ಒಂದು ಮೊಳದ ಕೋಲು ಇಳಿಬಿಟ್ಟರೆ ಪೂರ್ತಿ ಮುಳುಗುವಂಥ ಬಿರುಕು. ಆದರೆ ಮುಂಗಾರಿನ ಮೊದಲ ಮಳೆ ಆಳಕ್ಕೆ ಇಳಿಯುವುದು ಆ ಬಿರುಕಿನಿಂದಲೇ. ನೆಲ ನೆನೆದು ಉಬ್ಬಿ ಬಿರುಕು ಕೂಡಿಕೊಂಡ ಮೇಲೆ ಎಷ್ಟು ಮಳೆ ಬಂದರೂ ನೀರು ಮೇಲೆಯೇ ನಿಲ್ಲುತ್ತದೆ, ಇಲ್ಲವೇ ಹರಿದುಹೋಗುತ್ತದೆ. ಮಳೆಗಾಲದ ಕೊನೆಗೆ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಸುಗ್ಗಿಯ ತನಕ ಒಂದು ಹನಿ ಬೀಳದೆಯೂ ಇರಬಹುದು. ಆದರೂ ನಮ್ಮ ಮಾಲದಂಡಿ ಜೋಳ ಆಳೆತ್ತರ ಬೆಳೆದು ತೆನೆ ಹಿಡಿಯುತ್ತದೆ. ಎಂದೋ ಇಳಿದು ತಳದಲ್ಲಿ ಉಳಿದ ತೇವವನ್ನು ಬೇರು ಹುಡುಕಿಕೊಂಡು ಹೋಗುತ್ತದೆ, ಮೇಲೆ ಬಿಸಿಲು, ರಾತ್ರಿ ಒಂದಿಷ್ಟು ಇಬ್ಬನಿ. ನಿಮ್ಮ ಅವ್ವ ಇಪ್ಪತ್ತೈದು ವರ್ಷ ನಿನ್ನೊಳಗೆ ಇಳಿಸಿದ್ದು ಎಲ್ಲಿಗೂ ಹೋಗಿಲ್ಲ ಮಗಳೇ. ನೀನು ಕೈಯಿಟ್ಟು ನೋಡುತ್ತಿರುವುದು ಮೇಲ್ಮಣ್ಣನ್ನು.

ಇದರಲ್ಲಿ ಇನ್ನೊಂದಿದೆ. ಬೆಳೆ ನಿಂತಾಗ ಮತ್ತೆ ಬಿರುಕು ಬಿಟ್ಟರೆ ಒಕ್ಕಲಿಗ ಸುಮ್ಮನಿರುವುದಿಲ್ಲ. ಸಾಲಿನ ನಡುವೆ ಎಡೆಕುಂಟೆ ಹೊಡೆದು, ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚುತ್ತಾನೆ. ಇಲ್ಲದಿದ್ದರೆ ತಳದ ತೇವವೆಲ್ಲ ಆ ಬಾಯಿಂದ ಆರಿಹೋಗುತ್ತದೆ. ಹಾಗಾಗಿ ನಿನ್ನ ಒಣಗಿದ ಮನಸ್ಸನ್ನು ಕಂಡಕಂಡವರ ಮುಂದೆ ತೆರೆದಿಡಬೇಡ. ನನಗೆ ಬರೆದದ್ದು ಸರಿ, ಇನ್ನೊಬ್ಬ ಗೆಳತಿಗೆ ಹೇಳಿದರೂ ಸರಿ. ಫೋನಿನಲ್ಲಿ ದಿನಾ ನಾಲ್ಕು ಸಾಲು ಹಾಕಿ ನೂರು ಮಂದಿಯ ಮೆಚ್ಚುಗೆ ನೋಡುತ್ತ ಕೂಡಬೇಡ. ಅದನ್ನು ವಹಿಯಲ್ಲಿ ಬರಿ.

ಹೇಗೆ ಬರೆಯಬೇಕು ಅನ್ನುತ್ತೀಯಾ? ಇಲ್ಲ ಅನಿಸಿದರೆ ಇಲ್ಲ ಎಂದೇ ಬರಿ, ಆದರೆ ಅವನಿಗೇ ಬರಿ. ‘ದೇವರು ಮೌನವಾಗಿದ್ದಾನೆ’ ಎಂದು ಓದುಗರಿಗೆ ವರದಿ ಕೊಡುವುದು ಬೇರೆ, ‘ಯಾಕ ಮಾತಾಡವಲ್ಲಿ?’ ಎಂದು ಅವನನ್ನೇ ಕೇಳುವುದು ಬೇರೆ. ಹನ್ನೆರಡನೇ ಶತಮಾನದಲ್ಲಿ ನಮ್ಮವರು ಮಾಡಿದ್ದು ಇದನ್ನೇ. ತನ್ನ ಮನಸ್ಸು ಅತ್ತಿಯ ಹಣ್ಣು, ಒಳಗೆ ಹುರುಳಿಲ್ಲ ಎಂದು ಬಸವಣ್ಣ ಹೇಳಿಕೊಂಡದ್ದು ಯಾರ ಮುಂದೆ? ಕೂಡಲಸಂಗಮನ ಮುಂದೆ. ಅಕ್ಕಮಹಾದೇವಿ ಗಿಳಿ ಕೋಗಿಲೆಗಳನ್ನು ನಿಲ್ಲಿಸಿ ‘ನೀವು ಕಾಣಿರೆ’ ಎಂದು ಕೇಳಿದ್ದು, ಅವನು ಎದುರಿಗೆ ಕಾಣದೆ ಇದ್ದಾಗ. ಅವರು ಒಣಗಿದ ದಿನಗಳನ್ನು ಮುಚ್ಚಿಟ್ಟಿದ್ದರೆ ನಮ್ಮ ಕೈಗೆ ಅರ್ಧ ವಚನಗಳೂ ಉಳಿಯುತ್ತಿರಲಿಲ್ಲ.

ದಿನಕ್ಕೆ ಎಷ್ಟು? ಒಂದೇ ಸಾಲು ಸಾಕು. ನಮ್ಮ ಗುರುಗುಂಟಾದ ಅಮರೇಶ್ವರ ಗೊತ್ತಲ್ಲ, ಬಸವಣ್ಣನ ಕಾಲದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಆ ಕಡೆಯವರು. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಹೆಚ್ಚು ತಂದಾಗ ಲಕ್ಕಮ್ಮ ಒಳಗೆ ಸೇರಿಸಲಿಲ್ಲ, ಸುರಿದು ಬಾ ಎಂದು ತಿರುಗಿ ಕಳಿಸಿದಳು. ಹೋದ ವರ್ಷದ ಶ್ರಾವಣದಲ್ಲಿ ನನಗೆ ಎಷ್ಟು ಭಕ್ತಿ ಬರುತ್ತಿತ್ತು ಎಂದು ನೀನು ಎರಡು ಪುಟ ಬರೆದಿದ್ದೀಯಲ್ಲ, ಅದು ಆ ವರ್ಷದ ಅಕ್ಕಿ. ಉಂಡಾಯಿತು. ಇವತ್ತಿನ ಹಿಡಿಯನ್ನು ಇವತ್ತು ಆಯ್ದುಕೋ, ಮಣ್ಣು ಬೆರೆತಿದ್ದರೂ ಚಿಂತೆಯಿಲ್ಲ.

ಒಂದು ಸಾಲು ಓದಿ ನನಗೆ ನೋವಾಯಿತು, ಅದನ್ನೂ ಹೇಳುತ್ತೇನೆ. ಅವ್ವ ಸೋಮವಾರದ ಭಜನೆಗೆ ಹೋಗುತ್ತಿದ್ದಳು, ರಾಗ ಇಲ್ಲ ತಾಳ ಇಲ್ಲ, ಗೆಳತಿಯರ ಮುಂದೆ ನನಗೆ ನಾಚಿಕೆಯಾಗುತ್ತಿತ್ತು ಎಂದು ಬರೆದಿದ್ದೀ. ಆಕೆಯ ಹಾಡಿನ ವಹಿಯನ್ನು ಟ್ರಂಕಿನಲ್ಲಿ ಹಾಗೇ ಇಟ್ಟಿದ್ದೀಯಂತೆ. ಮಾನ್ವಿಯ ಜಗನ್ನಾಥದಾಸರ ಕಥೆ ಕೇಳಿರಬೇಕು ನೀನು. ಮೊದಲು ದೊಡ್ಡ ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡಿಕೊಂಡು ಬರುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ, ನೆಪವೇ ರೋಗವಾಯಿತಂತೆ. ಕೊನೆಗೆ ಗೋಪಾಲದಾಸರು ಕೊಟ್ಟ ಜೋಳದ ರೊಟ್ಟಿ ತಿಂದು ಗುಣವಾದರು ಎಂದು ನಮ್ಮ ಕಡೆ ಹೇಳುತ್ತಾರೆ. ಮುಂದೆ ಅದೇ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, ಹರಿಕಥಾಮೃತಸಾರ ಬರೆದರು. ನಾವು ಲಿಂಗ ಕಟ್ಟಿಕೊಂಡವರು, ಅವರು ಹರಿಯ ದಾಸರು, ಆದರೂ ಮಾನ್ವಿಗೆ ಹೋದಾಗ ಅವರು ನೆಲೆಸಿದ್ದಾರೆ ಎಂದು ನಂಬುವ ಕಂಬದ ಮುಂದೆ ಕೈಮುಗಿಯದೆ ನಾನು ಬಂದಿಲ್ಲ. ನೀನು ಕೀಳಾಗಿ ಕಂಡದ್ದರಲ್ಲೇ ನಿನ್ನ ಔಷಧ ಇದ್ದೀತು. ಆ ವಹಿ ತೆಗೆ. ದಿನಾ ಒಂದು ಹಾಡನ್ನು ನಿನ್ನ ಕೈಯಿಂದ ನಕಲು ಮಾಡು. ಆಕೆಯ ಕಾಗುಣಿತ ತಿದ್ದಬೇಡ. ಯಾವುದಾದರೂ ಸೋಮವಾರ ಆ ಹೆಣ್ಣುಮಕ್ಕಳ ಜೊತೆ ಹೋಗಿ ಕೂಡು, ಹಾಡಲು ಬಾರದಿದ್ದರೆ ತಾಳ ಹಿಡಿ.

ನಡುವೆ ಒಂದು ಮಾತು, ಇದನ್ನು ಹಗುರಾಗಿ ತಗೋಬೇಡ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಎಂಬಂತಿದ್ದರೆ ಅದಕ್ಕೆ ಭಕ್ತಿಯ ಕೊರತೆ ಎಂಬ ಹೆಸರು ಕೊಡಬೇಡ. ವೈದ್ಯರ ಹತ್ತಿರ ಹೋಗು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ನನ್ನ ಆ ಮೂರು ವರ್ಷದಲ್ಲಿ ನಾನೂ ಕೆಲವು ತಿಂಗಳು ಮಾತ್ರೆ ತಗೊಂಡಿದ್ದೇನೆ, ಅದರಿಂದ ನನ್ನ ಪೂಜೆ ಕೆಟ್ಟಿಲ್ಲ.

ಮೂರು ವರ್ಷದ ಮೇಲೆ ಏನಾಯಿತು ಎಂದು ತಿಳಿಯುವ ಆಸೆ ನಿನಗಿರುತ್ತದೆ. ಫಳ್ಳನೆ ಬೆಳಕೇನೂ ಬರಲಿಲ್ಲ. ಒಂದು ಚಳಿಗಾಲದ ಮುಂಜಾನೆ ಹೊಲದಲ್ಲಿ ಕಡಲೆ ಕುಡಿ ಚಿವುಟುತ್ತಿದ್ದೆ, ಪಲ್ಲೆ ಮಾಡೋಣ ಅಂತ. ಇಬ್ಬನಿಯಲ್ಲಿ ನೆನೆದ ಕಡಲೆ ಎಲೆಯ ಹುಳಿ ಬೆರಳ ಸಂದಿಯಲ್ಲಿ ಚುರುಗುಟ್ಟುತ್ತಿತ್ತು. ನನ್ನಷ್ಟಕ್ಕೆ ನಾನು ಗೊಣಗುತ್ತಿದ್ದೆ: ‘ಅವರನ್ನ ಕರ್ಕೊಂಡಿ, ಆತು. ನನ್ನ ಕೂಡ ಒಂದು ಮಾತರ ಆಡಬಾರದಾ? ಎಷ್ಟು ಕಠಿಣ ಆದಿ ನೀ.’ ಸುಮಾರು ಹೊತ್ತು ಹೀಗೇ ಬೈದಿದ್ದೇನೆ. ಆಮೇಲೆ ಸಟ್ಟನೆ ಕೈ ನಿಂತಿತು. ಇಷ್ಟು ಹೊತ್ತು ಯಾರ ಕೂಡ ಮಾತಾಡುತ್ತಿದ್ದೆ ನಾನು? ಇಲ್ಲದವನನ್ನು ಯಾರಾದರೂ ಹೀಗೆ ಬೈಯುತ್ತಾರಾ? ಮಡಿಲಲ್ಲಿ ಕಡಲೆ ಕುಡಿ ಹಿಡಿದುಕೊಂಡು ಅಲ್ಲೇ ಸಾಲಿನಲ್ಲಿ ಕೂತುಬಿಟ್ಟೆ. ಮರುದಿನ ಬೆಳಗ್ಗೆ ಚುಕ್ಕಿ ಮತ್ತೆ ಬರೀ ಚುಕ್ಕಿಯೇ ಆಗಿತ್ತು. ಆದರೆ ನಾನು ಗಡಿಬಿಡಿ ಮಾಡಲಿಲ್ಲ, ಕೂತೆ. ಈಗಲೂ ಎಷ್ಟೋ ದಿನ ಬರೀ ಚುಕ್ಕಿಯೇ.

ಒಂದು ಆಸೆಯನ್ನು ಮಾತ್ರ ಬಿಟ್ಟುಬಿಡು, ಸದಾ ಹಸಿಯಾಗಿರಬೇಕೆಂಬ ಆಸೆ. ಗಂಗಾವತಿ, ಸಿಂಧನೂರಿನ ಕಾಲುವೆ ಬಯಲಲ್ಲಿ ಹೋಗಿ ನೋಡು. ತುಂಗಭದ್ರೆಯ ನೀರು ಹರಿದ ಮೇಲೆ ಭತ್ತ ಬಂತು, ಐಶ್ವರ್ಯ ಬಂತು, ಸುಳ್ಳಲ್ಲ. ಆದರೆ ಬಿಡುವಿಲ್ಲದೆ ನೀರು ನಿಂತ ಕಡೆ ನೆಲ ಸವಳಾಗಿ ಹೋಗಿದೆ, ಬೆಳ್ಳಗೆ ಉಪ್ಪೆದ್ದು ಕೂತಿದೆ. ದಿನಾ ಕಣ್ಣೀರು ತರಿಸುವ ಭಕ್ತಿ ಬರೆದು ಬರೆದು ಹಾಗೆ ಉಪ್ಪಾದ ಬರಹಗಾರರನ್ನು ನಾನು ನೋಡಿದ್ದೇನೆ. ನಿನಗೆ ಆ ಗತಿ ಬರಬಾರದು.

ನಮ್ಮ ಜೋಳ ಈಗ ಮೊಣಕಾಲೆತ್ತರ ಇದೆ. ಎಳ್ಳಮಾಸಿಗೆ, ಎಳ್ಳ ಅಮಾವಾಸ್ಯೆಗೆ, ನೀನು ಬರಲೇಬೇಕು. ಬೆಳಗಿನ ಬಸ್ಸಿಗೆ ಹತ್ತಿ ಕುಷ್ಟಗಿ, ಮುದಗಲ್ ಮೇಲೆ ಬಾ, ಹೊಲಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಮುಟ್ಟುತ್ತೀ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಇರುತ್ತದೆ. ಬನ್ನಿ ಗಿಡದ ಬುಡದಲ್ಲಿ ಪೂಜೆ ಮುಗಿದ ಮೇಲೆ ಹೊಲದ ತುಂಬ ಚರಗ ಚೆಲ್ಲುತ್ತೇವೆ, ಈ ಸಲ ಒಂದು ತುತ್ತನ್ನು ನಿಮ್ಮ ಅವ್ವನ ಹೆಸರಲ್ಲಿ ನೀನೇ ಚೆಲ್ಲು. ಬರುವಾಗ ಆ ಹಾಡಿನ ವಹಿ ತಾ. ಆಕೆಯ ಕೈಬರಹ ನಾನೂ ಒಮ್ಮೆ ನೋಡಬೇಕು.

ನಿನ್ನ,
ಅಮ್ಮ