‘ಬರೀ’ ಎಂಬ ಒಂದು ಮಾತಿನ ಬಗ್ಗೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಕೂತಿದೆ. “ಮಾವಿದೆ, ಬೇವಿದೆ, ನಮ್ಮ ಹಿತ್ತಿಲಲ್ಲಿ ಹಲಸಿದೆ. ಮರ ಅಂತ ಬೇರೆ ಏನಿದೆ ಹೇಳು? ಅದು ಬರೀ ಹೆಸರು” ಅಂದೆ. ನನಗೆ ಹೂಂ ಎನ್ನಲೂ ಆಗಲಿಲ್ಲ, ಉಹೂಂ ಎನ್ನಲೂ ಆಗಲಿಲ್ಲ. ಹೆಸರು ಅನ್ನುವವರೆಗೆ ನಾನೂ ನಿನ್ನ ಜೊತೆಗೇ ಇದ್ದೇನೆ. ಆ ‘ಬರೀ’ ಇದೆಯಲ್ಲ, ಅಲ್ಲಿ ನಿಂತುಬಿಡುತ್ತೇನೆ.

ಪ್ರಶ್ನೆ ಬಹಳ ಹಳೆಯದು. ಮೂರನೆಯ ಶತಮಾನದ ತತ್ತ್ವಜ್ಞಾನಿ ಪೋರ್ಫಿರಿ, ಅರಿಸ್ಟಾಟಲನ ತರ್ಕ ಕಲಿಯುವವರಿಗೆಂದು ಒಂದು ಪುಟ್ಟ ಪ್ರವೇಶಿಕೆ ಬರೆದ. ಅದರ ಆರಂಭದಲ್ಲೇ ಕೇಳುತ್ತಾನೆ: ‘ಪ್ರಾಣಿ’, ‘ಮನುಷ್ಯ’ ಎಂಬ ಜಾತಿಗಳು ನಿಜಕ್ಕೂ ಇವೆಯೇ, ನಮ್ಮ ಮನಸ್ಸಿನಲ್ಲಿ ಮಾತ್ರವೇ? ಇದ್ದರೆ ಅವಕ್ಕೆ ಶರೀರವಿದೆಯೇ? ಕಣ್ಣೆದುರಿನ ವಸ್ತುಗಳಲ್ಲೇ ಇವೆಯೇ, ಅವನ್ನು ಬಿಟ್ಟು ಬೇರೆಯಾಗಿವೆಯೇ? ಇಷ್ಟು ಕೇಳಿ, ಇದು ಬಲು ಆಳದ ವಿಚಾರ, ಇಲ್ಲಿ ಬೇಡ ಎಂದು ಮುಂದೆ ಹೋದ. ರೋಮಿನ ವಿದ್ವಾಂಸ ಬೋಯಿಥಿಯಸ್ ಅದನ್ನು ಲ್ಯಾಟಿನ್ನಿಗೆ ತಂದು ಎರಡು ವ್ಯಾಖ್ಯಾನ ಬರೆದ. ಆಮೇಲೆ ಯುರೋಪಿನಲ್ಲಿ ತರ್ಕ ಓದಲು ಕೂತವರೆಲ್ಲ ಮೊದಲು ಎಡವುತ್ತಿದ್ದದ್ದು ಈ ಕಲ್ಲಿಗೇ. (ನಮ್ಮಲ್ಲೂ ಈ ಜಗಳ ಇತ್ತಲ್ಲ. ‘ಗೋತ್ವ’, ಅಂದರೆ ಹಸುತನ, ನಿತ್ಯ, ಅದು ಒಂದೇ ಆಗಿದ್ದು ಎಲ್ಲ ಹಸುಗಳಲ್ಲೂ ಇದೆ ಎಂದರು ನ್ಯಾಯ ದರ್ಶನದ ನೈಯಾಯಿಕರು. ಬೌದ್ಧರ ದಿಙ್ನಾಗ ಒಪ್ಪಲಿಲ್ಲ. ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.)

ನಿನ್ನ ಪಕ್ಷದವನು ಅಲ್ಲಿ ಫ್ರಾನ್ಸಿನ ತರ್ಕದ ಗುರು ರೋಸೆಲಿನ್. ‘ಸಾಮಾನ್ಯ’, ಅಂದರೆ ‘ಮರ’, ‘ಮನುಷ್ಯ’ದ ಹಾಗೆ ಹಲವಕ್ಕೆ ಒಟ್ಟಿಗೆ ಸಲ್ಲುವಂಥದ್ದು, ಬಾಯಿಂದ ಹೊರಟ ಉಸಿರು, ಅಷ್ಟೇ ಎಂದನಂತೆ. ‘ಅಂತೆ’ ಎನ್ನುವುದಕ್ಕೆ ಕಾರಣವಿದೆ: ಆ ಮಾತು ನಮಗೆ ಸಿಕ್ಕಿರುವುದು ಅವನ ವಿರೋಧಿ ಆನ್ಸೆಲ್ಮನ ಬರಹದಲ್ಲಿ. ಎದುರು ಪಕ್ಷದವನು ಪ್ಯಾರಿಸಿನ ನೋತ್ರ್ ದಾಮ್ ಶಾಲೆಯ ಗುರು, ಷಾಂಪೋ ಊರಿನ ವಿಲಿಯಂ. ಸಾಕ್ರಟೀಸನಲ್ಲೂ ಪ್ಲೇಟೋನಲ್ಲೂ ಇರುವ ‘ಮನುಷ್ಯ’ ಒಂದೇ ವಸ್ತು, ಪೂರ್ತಿಯಾಗಿ ಇಬ್ಬರಲ್ಲೂ ಇದೆ, ಬೇರೆಯಾಗುವುದು ಎತ್ತರ, ಬಣ್ಣ ಇಂಥ ಮೇಲಿನ ಗುಣಗಳಲ್ಲಿ ಮಾತ್ರ ಎಂದು ಅವನ ಪಾಠ.

ಈ ಇಬ್ಬರ ಹತ್ತಿರವೂ ಓದಿ ಇಬ್ಬರನ್ನೂ ಎದುರು ಹಾಕಿಕೊಂಡವನು ಪೀಟರ್ ಅಬೆಲಾರ್ಡ್, ಹುಟ್ಟಿದ್ದು 1079ರಲ್ಲಿ. ಹೆಲೊಯೀಸಳ ಜೊತೆಗಿನ ಪ್ರೇಮಕಥೆಯಿಂದ ಅವನನ್ನು ಬಲ್ಲವರೇ ಹೆಚ್ಚು. ನನಗೆ ಅವನ ತರ್ಕದ ಮೇಲೆ ಪ್ರೀತಿ. ವಿಲಿಯಮನನ್ನು ಅವನು ಕೇಳಿದ್ದು ಇಷ್ಟು: ‘ಪ್ರಾಣಿ’ ಎಂಬ ಒಂದೇ ವಸ್ತು ಪೂರ್ತಿಯಾಗಿ ಮನುಷ್ಯನಲ್ಲೂ ಇದೆ, ಕತ್ತೆಯಲ್ಲೂ ಇದೆ ಎನ್ನುವುದಾದರೆ, ಅದೇ ವಸ್ತು ಒಂದೇ ಹೊತ್ತಿಗೆ ವಿವೇಕವುಳ್ಳದ್ದೂ ವಿವೇಕವಿಲ್ಲದ್ದೂ ಆಗಬೇಕಲ್ಲ? ವಿಲಿಯಂ ತನ್ನ ಮತವನ್ನೇ ಬದಲಿಸಬೇಕಾಯಿತು, ಆಮೇಲೆ ಅವನ ಪಾಠಕ್ಕೆ ಬೆಲೆಯೇ ಉಳಿಯಲಿಲ್ಲ ಎಂದು ಅಬೆಲಾರ್ಡನೇ ಬರೆದುಕೊಂಡಿದ್ದಾನೆ. ಎಲ್ಲಿ ಗೊತ್ತೇ? ಗೆಳೆಯನೊಬ್ಬನಿಗೆ ಬರೆದ ಉದ್ದದ ಪತ್ರದಲ್ಲಿ. ಆ ಗೆಳೆಯನ ಹೆಸರು ಪತ್ರದಲ್ಲಿಲ್ಲ.

ಹಾಗಾದರೆ ಅಬೆಲಾರ್ಡ್ ನಿನ್ನ ಕಡೆಯವನೇ? ಅರ್ಧ ಮಾತ್ರ. ಹಲವರ ಬಗ್ಗೆ ಹೇಳಲು ಬರುವುದು ಪದವೇ, ವಸ್ತುವಲ್ಲ ಎಂದು ಅವನೂ ಒಪ್ಪುತ್ತಾನೆ. ಆದರೆ ಪದವೆಂದರೆ ಬರೀ ಸದ್ದಲ್ಲ, ಅರ್ಥ ಹೊತ್ತ ಮಾತು. ಸಾಕ್ರಟೀಸ್, ಪ್ಲೇಟೋ ಇಬ್ಬರನ್ನೂ ‘ಮನುಷ್ಯ’ ಎನ್ನಲು ಕಾರಣ ಏನು? ಇಬ್ಬರೂ ಮನುಷ್ಯರಾಗಿರುವುದು. ಹಾಗೆ ಆಗಿರುವುದನ್ನು ಅವನು ‘ಸ್ಥಿತಿ’ ಎಂದು ಕರೆದ, ಅದು ವಸ್ತುವಲ್ಲ ಎಂದೂ ಒತ್ತಿ ಹೇಳಿದ. ವಸ್ತುವಲ್ಲದ್ದು ಕಾರಣ ಹೇಗಾದೀತು ಎಂದರೆ, ಅವನು ಕೊಡುವ ಉದಾಹರಣೆ ನೋಡು: ಪೇಟೆಗೆ ಹೋಗಲು ಮನಸ್ಸಿಲ್ಲದ್ದಕ್ಕೆ ಒಬ್ಬ ಏಟು ತಿಂದ. ‘ಮನಸ್ಸಿಲ್ಲದಿರುವುದು’ ಒಂದು ವಸ್ತುವೇ? ಅಲ್ಲ. ಆದರೂ ಏಟು ಬಿದ್ದದ್ದು ಅದರಿಂದಲೇ.

ಇದನ್ನು ಮೊದಲ ಸಲ ಓದಿದ ದಿನ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ನಮ್ಮ ಕನ್ನಡವನ್ನೇ ನೋಡು. ‘ಮನುಷ್ಯ’ದ ಬೆನ್ನಿಗೆ ಒಂದು ‘ತ್ವ’, ‘ಮರ’ದ ಬೆನ್ನಿಗೆ ಒಂದು ‘ತನ’ ಹಚ್ಚಿದ ಕೂಡಲೇ ಹೊಸ ನಾಮಪದ ಹುಟ್ಟುತ್ತದೆ. ನಾಮಪದ ಹುಟ್ಟಿತೆಂದರೆ ಅದಕ್ಕೊಂದು ವಸ್ತು ಎಲ್ಲೋ ಇರಲೇಬೇಕೆಂದು ಮನಸ್ಸು ಹುಡುಕಲು ಹೊರಡುತ್ತದೆ. ಸಿಗದಿದ್ದಾಗ ನಿನ್ನ ಹಾಗೆ ಏನೂ ಇಲ್ಲ ಎನ್ನುತ್ತದೆ. ಅಬೆಲಾರ್ಡ್ ನಾಮಪದ ಬಿಟ್ಟು ಕ್ರಿಯಾಪದ ಹಿಡಿದ. ‘ಮನುಷ್ಯತ್ವ’ ಎನ್ನದೆ ‘ಮನುಷ್ಯನಾಗಿರುವುದು’ ಎಂದ.

ಅವನ ಗುಲಾಬಿಯ ಮಾತೂ ಇದಕ್ಕೆ ಸೇರಿದ್ದು. ಭೂಮಿಯ ಮೇಲೆ ಒಂದೂ ಗುಲಾಬಿ ಉಳಿಯದೆ ಹೋದರೆ ಆ ಹೆಸರಿಗೆ ಬೊಟ್ಟು ಮಾಡಿ ತೋರಿಸಲು ಏನೂ ಇರುವುದಿಲ್ಲ. ಆದರೂ ‘ಗುಲಾಬಿ ಇಲ್ಲ’ ಎಂದರೆ ನಮಗೆ ಅರ್ಥವಾಗುತ್ತದೆ. ಹೆಸರು ಬರೀ ಉಸಿರಾಗಿದ್ದರೆ ಆ ವಾಕ್ಯವೇ ಅರ್ಥ ಕಳೆದುಕೊಳ್ಳಬೇಕಿತ್ತು.

ನಿನ್ನ ಹಲಸಿಗೂ ನಮ್ಮ ಬೀದಿಯ ಹೊಂಗೆಗೂ ನಡುವೆ ‘ಮರ’ ಎಂಬ ಮೂರನೆಯದೊಂದು ನಿಂತಿಲ್ಲ, ಅಷ್ಟು ನಿನಗೆ ಬಿಟ್ಟುಕೊಟ್ಟೆ. ಆದರೆ ಎರಡೂ ಮರವಾಗಿರುವುದು ನಾವು ಹೆಸರಿಟ್ಟಿದ್ದರಿಂದ ಆದದ್ದಲ್ಲ. ಇನ್ನು ನನ್ನನ್ನು ಕಾಡುತ್ತಿರುವುದು ಅಬೆಲಾರ್ಡನ ಆ ‘ಸ್ಥಿತಿ’. ವಸ್ತುವಲ್ಲ, ಪದವೂ ಅಲ್ಲ, ಮನಸ್ಸಿನ ಚಿತ್ರವೂ ಅಲ್ಲ ಎಂದಮೇಲೆ ಅದನ್ನು ಯಾವ ಸಾಲಿನಲ್ಲಿ ಕೂರಿಸೋಣ? ಮುಂದಿನ ಸಲ ಬಂದಾಗ ನಿನ್ನಿಂದ ಕೇಳಬೇಕು. ಹಲಸು ಹಣ್ಣಾಗುವ ಹೊತ್ತಿಗೆ ಬರುತ್ತೇನೆ.

ನಿನ್ನ ಗೆಳೆಯ